ಹತ್ತಿ ಹಿಂಜುವ ಕೋಣೆ

ಅಂಗಡಿಯ ಬಾಡಿಗೆ ಏರಿದ ವಾರವೇ ಸೊಸೆ ಹೊಲಿಗೆಯ ಟೇಪು ಹಿಡಿದು ಮನೆಯ ಮುಂಗೋಣೆಯನ್ನು ಅಳೆಯತೊಡಗಿದಳು.

"ಏನಮ್ಮ, ಯಾರಿಗೆ ಹಾಸಿಗೆ ಹೊಲೀತಿದ್ದೀಯ ಇಷ್ಟು ದೊಡ್ಡದು?" ಮಾವ ಕೇಳಿದರು.

"ಹಾಸಿಗೆ ಅಲ್ಲ ಮಾವ, ಮಷಿನ್ ಇಲ್ಲಿ ಹಿಡಿಯುತ್ತಾ ಅಂತ ನೋಡ್ತಿದ್ದೀನಿ."

"ಮಷಿನ್ ಹಿಡಿದ್ರೆ ನಾವೆಲ್ಲಿ ಹಿಡೀತೀವಿ?"

"ನಾವಾದ್ರೆ ಒಬ್ಬರ ಪಕ್ಕ ಒಬ್ಬರು ಸರ್ಕೋತೀವಿ. ಮಷಿನ್‌ಗೆ ಸರ್ಕೊಳ್ಳೋಕೆ ಬರಲ್ಲ."

ಅಡುಗೆಮನೆಯಲ್ಲಿ ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಗಂಡನಿಗೆ ಎದುರು ಮಾತು ಕೇಳಿಸುವುದೇ ಆ ಮನೆಯಲ್ಲಿ ಹೊಸದು. ಆ ತಿಂಗಳೇ ಅಂಗಡಿ ಬಿಟ್ಟು ಮಷಿನ್ ಮುಂಗೋಣೆಗೆ ಬಂತು.

ಅವರದು ಹಾಸಿಗೆ, ದಿಂಬು ಮಾಡುವ ಮನೆ. ಮಾವ ಹತ್ತಿ ಹಿಂಜಿ ತುಂಬುವರು. ಅತ್ತೆ ಮತ್ತು ಸೊಸೆ ಗವಸು ಹೊಲಿಯುವರು. ಮಗ ಮೂರು ಚಕ್ರದ ಗಾಡಿಯಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವನು. ಹಿಂಜುವ ಮಷಿನ್ ಎಂದರೆ ದೊಡ್ಡ ಸಂಗತಿಯೇನಲ್ಲ: ಗಂಟು ಕಟ್ಟಿದ ಹತ್ತಿಯನ್ನು ಒಂದು ಬಾಯಿಗೆ ಕೊಟ್ಟರೆ ಒಳಗಿನ ಹಲ್ಲಿನ ಉರುಳೆ ಅದನ್ನು ಬಿಡಿಸಿ ಇನ್ನೊಂದು ಬಾಯಿಂದ ಹಗುರಾಗಿ ಉಗುಳುತ್ತದೆ. ಉಗುಳಿದ್ದರಲ್ಲಿ ಮುಕ್ಕಾಲು ಪಾಲು ನೆಲಕ್ಕೆ ಬೀಳುತ್ತದೆ. ಉಳಿದದ್ದು ಗಾಳಿಯಲ್ಲಿ ತೇಲುತ್ತದೆ.

ಸೊಸೆ ಶನಿವಾರ ಮಧ್ಯಾಹ್ನ ಒಂದು ತರಬೇತಿಗೆ ಹೋಗುತ್ತಿದ್ದಳು. ಸಣ್ಣ ವ್ಯಾಪಾರದವರಿಗೆಂದು ಶಾಲೆಯೊಂದರ ಹಾಲಿನಲ್ಲಿ ನಡೆಯುತ್ತಿದ್ದ ಪಾಠ. ಹೇಳಿಕೊಡುವವರು ತಾವೇ ಎರಡು ಅಂಗಡಿ ಇಟ್ಟು ಎರಡನ್ನೂ ಮುಚ್ಚಿದವರು; ಅದಕ್ಕೇ ಅವರ ಮಾತಿನಲ್ಲಿ ಹುರುಳಿತ್ತು. "ನಿಮ್ಮ ವ್ಯಾಪಾರ ಎಲ್ಲಿ ಸೋರ್ತಿದೆ, ಮೊದಲು ಅದನ್ನ ಹುಡುಕಿ" ಎಂದು ಅವರು ವಾರವಾರವೂ ಹೇಳುತ್ತಿದ್ದರು. ಸೊಸೆ ಮನೆಗೆ ಬಂದು ಹುಡುಕುತ್ತಿದ್ದಳು.

ಅವಳು ಹುಡುಕಿದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು, ಅದನ್ನು ಹೇಳಲೇಬೇಕು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಗವಸಿಲ್ಲದ ದಿಂಬೊಂದನ್ನು ಇಟ್ಟಳು. ದಾರಿಯಲ್ಲಿ ಹೋಗುವವರು ಅದನ್ನು ಒತ್ತದೆ ಮುಂದೆ ಹೋಗುತ್ತಿರಲಿಲ್ಲ. ಒತ್ತಿದವರಲ್ಲಿ ಕೆಲವರು ಒಳಗೆ ಬಂದರು. ಮಂಗಳವಾರ ಮುಗಿಯುವ ಕೆಲಸಕ್ಕೆ ಗುರುವಾರ ಬನ್ನಿ ಎಂದು ಹೇಳಿ ಬುಧವಾರವೇ ಮನೆಗೆ ಕಳಿಸಿದಳು. ಮಾವನ ಪದ್ಧತಿಯಲ್ಲಿ ಮಂಗಳವಾರ ಎಂದು ಹೇಳಿ ಬುಧವಾರ ಕೊಟ್ಟರೆ ಗಿರಾಕಿ ಮುಖ ಊದಿಸಿಕೊಳ್ಳುತ್ತಿದ್ದ. ಈಗ ಅದೇ ಬುಧವಾರಕ್ಕೆ ಅದೇ ಗಿರಾಕಿ ಕೈ ಮುಗಿದ. ವ್ಯಾಪಾರ ಇಲ್ಲದ ತಿಂಗಳಲ್ಲಿ ಹಳೆಯ ಹಾಸಿಗೆಗಳನ್ನು ಬಿಚ್ಚಿ ಮತ್ತೆ ಹಿಂಜಿಕೊಡುವ ಕೆಲಸ ಹಿಡಿದಳು. ಮನೆಯಲ್ಲಿ ಬೇಳೆ ದಪ್ಪಗಾಯಿತು. ಮಗನಿಗೆ ಹೊಸ ಚಪ್ಪಲಿ ಬಂತು.

"ನೋಡಿದ್ಯಾ ಅಪ್ಪ?" ಮಗ ಚಪ್ಪಲಿ ಬಿಡುತ್ತಾ ಹೇಳಿದ.

"ನೋಡಿದೆ. ಮೇಡಂನೋರು ಹೇಳಿದ ಹಾಗೆ ಕೇಳ್ಕೊಂಡಿರು. ನಾಳೆ ಕೋಟೂ ಹೊಲಿಸ್ಕೊಡ್ತಾರೆ."

ಜಗಳ ಹತ್ತಿದ್ದು ಕಿಟಕಿಯಿಂದ. ಎದುರು ಮನೆಯಲ್ಲಿ ಇಸ್ತ್ರಿಯವನಿದ್ದ. ಒಂದು ಬೆಳಿಗ್ಗೆ ಕರಿಕೋಟು ಹಿಡಿದುಕೊಂಡೇ ರಸ್ತೆ ದಾಟಿ ಬಂದ.

"ಬಿಳಿ ಶರ್ಟಿನ ಮೇಲೆ ಕೂತ್ರೆ ಕಾಣಲ್ಲ, ಸುಮ್ನಿದ್ದೆ. ಇದು ವಕೀಲರ ಕೋಟು. ನೀನೇನು ಅಂಗಡೀಲಿ ಬೆಕ್ಕು ಸಾಕಿದ್ದೀಯಾ ಅಂತ ಕೇಳಿದ್ರು ನನ್ನ! ನಿಮ್ಮ ಹತ್ತಿ ನಿಮ್ಮ ಮನೇಲಿರ್ಲಿ ಸ್ವಾಮಿ."

ಅವತ್ತು ಊಟಕ್ಕೆ ಕೂತಾಗ ಸೊಸೆ ಹೇಳಿದಳು: "ಅವನು ಹೇಳಿದ್ದು ಸರಿ ಅಲ್ವಾ ಮಾವ? ದಿನಾ ಒಂದು ದಿಂಬಿನಷ್ಟು ಹತ್ತಿ ಕಿಟಕಿಯಿಂದ ಹಾರಿ ಹೋಗ್ತಿದೆ. ಮುಚ್ಚಿಟ್ಟು ಹಿಂಜಿ, ಸಂಜೆ ಗುಡಿಸಿ ಜರಡಿ ಹಿಡಿದ್ರೆ ಎಲ್ಲಾ ನಮಗೇ ಉಳಿಯುತ್ತೆ."

"ನಮ್ಮಪ್ಪನ ಕಾಲದಿಂದ ಕಿಟಕಿ ತೆಗೆದಿಟ್ಕೊಂಡೇ ಹಿಂಜಿದ್ದು."

"ಯಾಕೆ?"

"ಯಾಕೆ ಅಂದ್ರೆ? ಹಾಗೇ."

ಕಾರಣ ಅವರ ಹತ್ತಿರ ಇರಲಿಲ್ಲ. ಅವರಪ್ಪನ ಹತ್ತಿರ ಇದ್ದಿರಬಹುದು. ಕಸುಬು ಕಲಿಸುವವರು ಹೇಗೆ ಎಂಬುದನ್ನು ಗದರಿಸಿ ಗದರಿಸಿ ಕಲಿಸುತ್ತಾರೆ. ಯಾಕೆ ಎಂಬುದನ್ನು ಹೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

"ಹಾಗೇ ಅಂದ್ರೆ ಹೇಗೆ ಮಾವ..."

"ಮುಚ್ಚಲಿ ಬಿಡಿ," ಎಂದರು ಅತ್ತೆ. "ಅವಳು ಹೇಳೋದ್ರಲ್ಲಿ ತಪ್ಪೇನಿದೆ?"

ಮಗನ ಕೈ ತುತ್ತಿನ ಸಮೇತ ನಿಂತಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ ನಾಲ್ಕು ಜನರ ಎದುರು ಗಂಡನ ಮಾತಿಗೆ ಅಡ್ಡ ಬಂದಿರಲಿಲ್ಲ. ಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಸರಿ. ಹಾಗಾದ್ರೆ ನಾಳೆಯಿಂದ ಮಷಿನ್ ಮುಂದೆ ನೀನೇ ಕೂತ್ಕೋ. ಅತ್ತೆ ಸೊಸೆ ಸೇರಿ ಕಾರ್ಖಾನೆ ನಡೆಸಿ. ನಾನು ಹಿತ್ತಲಲ್ಲಿ ಕೂತು ದಬ್ಬಣ ಹಾಕ್ತೀನಿ."

"ಕೂತ್ಕೋತೀನಿ."

"ಕೂತ್ಕೋ."

"ಕೂತ್ಕೋತೀನಿ ಅಂದ್ನಲ್ಲ. ಅನ್ನ ತಿನ್ನಿ ಈಗ."

ಅತ್ತೆ ಕೂತರು. ಎರಡು ದಿನಕ್ಕೇ ಸೋತು ಕರೆಯುತ್ತಾಳೆ ಎಂದು ಮಾವ ಕಾದರು. ಅತ್ತೆ ಕರೆಯಲಿಲ್ಲ. ಮಷಿನ್ನಿನ ಬಾಯಿಗೆ ಹತ್ತಿ ಕೊಡುವ ಕೈ ಬೇಗ ಪಳಗಿತು. ಮುಚ್ಚಿದ ಕೋಣೆಯಲ್ಲಿ ಬಲ್ಬಿನ ಸುತ್ತ ಹತ್ತಿಯ ಎಳೆಗಳು ನಿಧಾನಕ್ಕೆ ಸುತ್ತುತ್ತಿದ್ದವು. ಸಂಜೆ ಹೊರಗೆ ಬಂದರೆ ಅತ್ತೆಯ ಹುಬ್ಬು, ರೆಪ್ಪೆ ಎಲ್ಲಾ ಬಿಳಿ.

"ಅಜ್ಜಿ ಆಗಿಬಿಟ್ರಿ ಅತ್ತೆ," ಎಂದು ಸೊಸೆ ನಗುತ್ತಾ ಒದ್ದೆ ಬಟ್ಟೆ ಕೊಟ್ಟಳು.

"ಎಲ್ಲಿ ಆದೆ? ನೀನು ಆರ್ಡರ್ ಮೇಲೆ ಆರ್ಡರ್ ಹಿಡೀತೀಯ, ನನ್ನ ಅಜ್ಜಿ ಮಾಡೋಕೆ ನಿಂಗೆ ಪುರುಸೊತ್ತೆಲ್ಲಿ?"

ಅವರಿಬ್ಬರೂ ಒಟ್ಟಿಗೆ ಅಷ್ಟು ನಕ್ಕಿದ್ದು ಆ ದಿನಗಳಲ್ಲೇ. ಗುಡಿಸಿದ ಹತ್ತಿಯನ್ನು ಜರಡಿ ಹಿಡಿದು ಚಿಕ್ಕ ದಿಂಬು ಮಾಡಿದರು. ಅವು ಖರ್ಚಾದವು. ರಾತ್ರಿ ಊಟದ ಹೊತ್ತಿಗೆ ಅತ್ತೆ ಇವತ್ತಿನ ಗಿರಾಕಿ ಹೀಗಂದ, ನಾನು ಹಾಗಂದೆ ಎಂದು ಹೇಳುವರು. ಮಾವ ಬೇಳೆ ಕಲಸುತ್ತಾ ಕೇಳಿಸಿಕೊಳ್ಳದವರಂತೆ ಕೂರುವರು. ತಟ್ಟೆಯಲ್ಲಿ ಹತ್ತಿಯ ಎಳೆ ಸಿಕ್ಕರೆ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಲೋಟದ ಅಂಚಿಗೆ ಅಂಟಿಸುವರು.

"ಇದನ್ನೂ ಜರಡಿಗೆ ಹಾಕಿಬಿಡಮ್ಮ. ಸೋರಬಾರದು."

ಮೊದಲು ಬಂದದ್ದು ಒಣಕೆಮ್ಮು. ಅತ್ತೆ ಒಗ್ಗರಣೆಯ ಘಾಟು ಎಂದರು. ಒಗ್ಗರಣೆ ಇಲ್ಲದ ದಿನವೂ ಕೆಮ್ಮಿದಾಗ ಹವಾ ಬದಲಾಯಿತು ಎಂದರು. ಆಮೇಲೆ ಸೋಮವಾರಗಳು ಬಂದವು. ಭಾನುವಾರ ಮಷಿನ್ ನಿಂತಿರುತ್ತಿತ್ತು. ಸೋಮವಾರ ಕೂತ ಸ್ವಲ್ಪ ಹೊತ್ತಿಗೆಲ್ಲ ಎದೆಗೆ ಪಟ್ಟಿ ಕಟ್ಟಿ ಬಿಗಿದಂತಾಗುತ್ತಿತ್ತು. ಮಂಗಳವಾರ, ಬುಧವಾರ ಕಳೆಯುವಾಗ ಸ್ವಲ್ಪ ಸಡಿಲ. ಮತ್ತೆ ಭಾನುವಾರ ಕಳೆದು ಸೋಮವಾರ ಬಿಗಿತ. ಅತ್ತೆ ಇದನ್ನು ಯಾರಿಗೂ ಹೇಳದೆ ತಾವೇ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು.

"ಇನ್ಮೇಲೆ ನಂಗೆ ಭಾನುವಾರ ಬೇಡ," ಎಂದರು.

"ಯಾಕತ್ತೆ? ವಾರಕ್ಕೊಂದು ದಿನ ಮೈಗೆ ಬಿಡುವು ಕೊಟ್ರೆ ಕೆಲಸ ಜಾಸ್ತಿ ಆಗುತ್ತೆ ಅಂತ ತರಗತೀಲಿ ಹೇಳಿದ್ದಾರೆ."

"ಹೇಳಿರ್ತಾರೆ. ನಂಗೆ ರಜೆ ಆಗಿಬರಲ್ಲ. ಕೂತ್ರೆ ಮೈ ಜಡ ಆಗುತ್ತೆ. ದಿನಾ ಒಂದೇ ಸಮ ಮಾಡಿದ್ರೆ ಆರಾಮಾಗಿರ್ತೀನಿ."

ನೋಡುವವರಿಗೆ ಇದು ಹುಮ್ಮಸ್ಸಾಗಿ ಕಂಡಿತು. ಮಗ, "ಅಮ್ಮನ್ನ ಹಿಡಿಯೋರೇ ಇಲ್ಲ" ಎಂದ. ಸೊಸೆಗೂ ಒಳಗೊಳಗೆ ಖುಷಿಯಾಯಿತು. ಏಕೆಂದರೆ ಹಾಸ್ಟೆಲೊಂದರಿಂದ ದಿಂಬಿನ ದೊಡ್ಡ ಆರ್ಡರ್ ಬರುವ ಮಾತಿತ್ತು. ಭಾನುವಾರ ರಜೆ ಹೋಯಿತು. ಸೋಮವಾರದ ಬಿಗಿತವೂ ಹೋಯಿತು, ಅಂದರೆ ವಾರವೆಲ್ಲ ಒಂದೇ ಬಿಗಿತವಾಗಿ ಅದು ಬೇರೆಯಾಗಿ ಗೊತ್ತಾಗದಂತಾಯಿತು. ಅತ್ತೆ ತಮ್ಮ ಲೆಕ್ಕ ಸರಿ ಹೋಯಿತೆಂದುಕೊಂಡರು.

ಹೇಳಿಕೊಳ್ಳಬಹುದಿತ್ತು. ಆದರೆ ಯಾರಿಗೆ? ಉಸಿರು ಕಟ್ಟುತ್ತದೆ ಎಂದರೆ ಮಾವ ಗೆದ್ದಂತಾಗುತ್ತಿತ್ತು, ಸೊಸೆ ಸೋತಂತಾಗುತ್ತಿತ್ತು. ಅತ್ತೆ ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರು; ಅದೂ ತಪ್ಪು ಅನ್ನಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದರು. ಬಡಿಸುತ್ತಾ ನಿಂತೇ ಎರಡು ತುತ್ತು, ಒಲೆ ಒರೆಸುತ್ತಾ ಎರಡು ತುತ್ತು. ಒಟ್ಟಿಗೆ ಕೂತರೆ ಅಗಿಯುವುದಕ್ಕೂ ಉಸಿರಾಡುವುದಕ್ಕೂ ಪೈಪೋಟಿ ಬಿದ್ದು ಗೊತ್ತಾಗಿಬಿಡುತ್ತಿತ್ತು.

ಗೊತ್ತಾದದ್ದು ಹಾಸಿಗೆಯಿಂದ. ಒಂದು ಬೆಳಿಗ್ಗೆ ಸೊಸೆ ಅತ್ತೆಯ ಹಾಸಿಗೆ ಸುತ್ತಿಡಲು ಬಗ್ಗಿದವಳು ಕೈ ಇಟ್ಟು ಹಾಗೇ ನಿಂತಳು. ಹಾಸಿಗೆಯವರ ಮನೆಯಲ್ಲಿ ಅಂಗೈಗೆ ತಿಳಿಯದ ಸಂಗತಿಯಲ್ಲ ಅದು. ಮಲಗಿ ಎದ್ದ ಹಾಸಿಗೆ ನಡುವೆ ಕುಸಿದಿರುತ್ತದೆ, ಬೆಚ್ಚಗಿರುತ್ತದೆ. ಇದು ಉಬ್ಬಿಕೊಂಡು ತಣ್ಣಗಿತ್ತು. ಪಕ್ಕದ ಗೋಡೆಯಲ್ಲಿ ಮಾತ್ರ ತಲೆ ಒರಗಿಸಿದ ಎಣ್ಣೆಯ ಗುರುತು.

"ಅತ್ತೆ, ಎಷ್ಟು ದಿನದಿಂದ ನೀವು ಮಲಗಿಲ್ಲ?"

"ಮಲಗ್ದೆ ಏನು? ನಿದ್ದೆ ಮಾಡ್ತೀನಲ್ಲ."

"ಮಲಗ್ತೀರಾ?"

"ಮಲಗಿದ್ರೆ... ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ಗೋಡೆಗೆ ಒರಗಿದ್ರೆ ವಾಸಿ. ಮೆತ್ತಗೆ ಮಾತಾಡು, ಅವರಿಗೆ ಕೇಳಿಸುತ್ತೆ."

ಅವರಿಗೆ ಕೇಳಿಸಿತ್ತು. ಹಿತ್ತಲ ಬಾಗಿಲಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ದಬ್ಬಣ. "ಚಪ್ಪಲಿ ಹಾಕ್ಕೋ. ಆಸ್ಪತ್ರೆಗೆ ಹೋಗೋಣ," ಎಂದರು. ಗೆದ್ದವನ ಮಾತು ಅವರಿಂದ ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಬಂದಿದ್ದರೆ ಸೊಸೆಗೆ ಸಮಾಧಾನವಾಗುತ್ತಿತ್ತೇನೋ.

ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ತುಂಬಾ ಹೊತ್ತು ಆಲಿಸಿದರು.

"ರಜೆ ಮಾಡಿದ ಮರುದಿನ ಎದೆ ಹೆಚ್ಚು ಬಿಗೀತಿತ್ತಾ ಅಮ್ಮ?"

"ನಿಮಗೆ ಹೇಗೆ ಗೊತ್ತಾಯ್ತು? ಅದಕ್ಕೇ ರಜೆ ಮಾಡೋದನ್ನೇ ಬಿಟ್ಟೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ರಜೆ ದಿನ ನಿಮ್ಮ ಎದೆ ಸ್ವಲ್ಪ ಸುಧಾರಿಸ್ಕೋತಿತ್ತು. ಮರುದಿನ ಮತ್ತೆ ಧೂಳು ಒಳಗೆ ಹೋದ ತಕ್ಷಣ ಬೇಡ ಬೇಡ ಅಂತ ಕೂಗ್ತಿತ್ತು. ನೀವು ಅದರ ಬಾಯಿ ಮುಚ್ಚಿಸಿದ್ರಿ." ಆಮೇಲೆ ಮಗನ ಕಡೆ ತಿರುಗಿದರು. "ಹೋದದ್ದು ಪೂರ್ತಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು. ಹತ್ತಿ ಇರೋ ಮನೇಲಿ ಇವರು ಇರಕೂಡದು. ಇನ್ನೊಂದು ಕೋಣೆ ಅಲ್ಲ, ಇನ್ನೊಂದು ಮನೆ."

ಅವತ್ತಿನ ಊಟದಲ್ಲಿ ಯಾರೂ ಬಡಿಸಿಕೊಳ್ಳುವ ಮೊದಲೇ ಮಾತು ಶುರುವಾಯಿತು.

"ಹಳೇ ಅಂಗಡಿ ವಾಪಸ್ ತಗೊಳ್ಳೋಣ ರೀ," ಎಂದಳು ಸೊಸೆ.

"ಅಲ್ಲಿ ಫೋನ್ ರಿಪೇರಿಯವನು ಬಂದಾಯ್ತಲ್ಲ. ಬೇರೆ ಕಡೆ ಅಂದ್ರೆ ಮುಂಗಡ ಕೇಳ್ತಾರೆ. ಹಾಸ್ಟೆಲಿನ ಆರ್ಡರ್ ಮುಗಿದ್ರೆ ಆ ದುಡ್ಡು ಕೈಗೆ ಬರುತ್ತೆ, ಆಗ ನೋಡಬಹುದು."

"ಅಲ್ಲೀವರೆಗೆ?"

"ಅಲ್ಲೀವರೆಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಕೋತೀನಿ," ಎಂದರು ಅತ್ತೆ. "ಆರ್ಡರ್ ಮುಗೀಲಿ. ಎಲ್ಲರೂ ನನ್ನ ಮುಖ ಯಾಕೆ ನೋಡ್ತೀರಿ? ಅನ್ನ ಆರಿ ಹೋಗ್ತಿದೆ."

ಕೆಟ್ಟವರು ಯಾರೂ ಇರಲಿಲ್ಲ ಆ ಊಟದಲ್ಲಿ. ಮಗ ಲೆಕ್ಕ ಸರಿಯಾಗಿಯೇ ಹೇಳಿದ್ದ. ಆದರೂ ಆ ರಾತ್ರಿ ಅವರು ಮಾಡಿದ್ದು ಇಷ್ಟು: ಒಬ್ಬರ ಉಸಿರಿನಲ್ಲಿ ಕೆಲವು ವಾರ ಕಡ ತೆಗೆದುಕೊಂಡರು, ಒಪ್ಪಿಗೆ ಕೊಟ್ಟವರೂ ಅತ್ತೆಯೇ ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಮಾವ ಯಾರಿಗೂ ಹೇಳದೆ ಮಷಿನ್ ಮುಂದೆ ಕೂತರು. ಸೊಸೆ ಕಿಟಕಿಗಳನ್ನು ತೆಗೆದಳು. ತುಕ್ಕು ಹಿಡಿದ ಚಿಲಕ ಕೈ ಕೊಯ್ದಿತು. ಮಧ್ಯಾಹ್ನಕ್ಕೆ ಇಸ್ತ್ರಿಯವನು ಬಂದ.

"ಮತ್ತೆ ಶುರು ಮಾಡಿದ್ರಾ? ದೂರು ಕೊಡ್ತೀನಿ ನೋಡಿ!"

"ಕೊಡಣ್ಣ," ಎಂದಳು ಸೊಸೆ. "ನಮ್ಮತ್ತೆಗೆ ಉಸಿರಾಟ ಕೆಟ್ಟಿದೆ. ಕಿಟಕಿ ಮುಚ್ಚೋಕಾಗಲ್ಲ. ನೀನು ಊಟಕ್ಕೆ ಹೋದಾಗ, ಬೆಳಿಗ್ಗೆ ನೀನು ಅಂಗಡಿ ತೆಗೆಯೋ ಮುಂಚೆ, ಅಷ್ಟು ಹೊತ್ತು ಮಾತ್ರ ಹಿಂಜ್ತೀವಿ. ಅದಕ್ಕೂ ಆಗಲ್ಲ ಅಂದ್ರೆ ದೂರು ಕೊಡು."

ಅವನು ಒಳಗೆ ಬಗ್ಗಿ ನೋಡಿದ. ಅಡುಗೆಮನೆಯ ಬಾಗಿಲಿಗೆ ಬಟ್ಟೆ ಕಟ್ಟಿ, ಅದರ ಹಿಂದೆ ಅತ್ತೆ ಗೋಡೆಗೊರಗಿ ಬೇಳೆ ಆರಿಸುತ್ತಿದ್ದರು. "ಮೊದಲೇ ಹೇಳಬಾರದಾ," ಎಂದು ಗೊಣಗಿ ಹೋದ.

ಬಟ್ಟೆ ಕಟ್ಟಿದ್ದಕ್ಕೆ ಹತ್ತಿ ನಿಲ್ಲಲಿಲ್ಲ. ಹಾಲಿನ ಕೆನೆಯ ಮೇಲೆ ಬಂದು ಕೂತಿತು, ಅತ್ತೆಯ ಮೂಗಿನ ಒದ್ದೆ ಬಟ್ಟೆಯ ಮೇಲೂ ಕೂತಿತು. ಹಾಸ್ಟೆಲಿನ ದಿಂಬುಗಳು ಗಾಡಿಗೆ ಏರಿದ ದಿನ ಅತ್ತೆ ನೀರಿನ ಕೊಡ ಎತ್ತಲು ಹೋಗಿ ನಲ್ಲಿಯ ಪಕ್ಕ ಕುಸಿದು ಕೂತರು. ತುಟಿ ನೀಲಿಯಾಗಿತ್ತು. ಹಾಸ್ಟೆಲಿನಿಂದ ಬಂದ ದುಡ್ಡಿನಲ್ಲಿ ಮೊದಲ ಖರ್ಚು ಆಸ್ಪತ್ರೆಯದಾಯಿತು. ಅಲ್ಲಿಂದ ಬಿಡುವ ಹೊತ್ತಿಗೆ ಹೊಸ ಅಂಗಡಿಯ ಮುಂಗಡಕ್ಕೆ ಉಳಿದದ್ದು ಏನೂ ಇರಲಿಲ್ಲ.

ಮದುವೆಯಾಗಿ ಬೇರೆ ಮನೆಯಲ್ಲಿದ್ದ ನಾದಿನಿ ಬಂದು ಆಸ್ಪತ್ರೆಯ ವರಾಂಡದಲ್ಲೇ ಬಾಯಿ ತೆರೆದಳು.

"ನಮ್ಮಮ್ಮ ಹೊಲಿಗೆ ಹಾಕ್ಕೊಂಡು ಸುಖವಾಗಿದ್ಳು. ನಿನ್ನ ತರಗತಿ, ನಿನ್ನ ಉಳಿತಾಯ! ಈಗ ಲಾಭ ಎಷ್ಟು ಬಂತು ಹೇಳು ಅತ್ತಿಗೆ. ಹೇಳು, ಕೇಳ್ತೀನಿ."

ಉತ್ತರ ಕೊಟ್ಟದ್ದು ಬೆಂಚಿನ ಮೇಲಿದ್ದ ಅತ್ತೆ, ಒಂದೊಂದು ಮಾತಿಗೂ ನಿಂತು ನಿಂತು: "ಅವಳನ್ನ... ಏನೂ ಅನ್ನಬೇಡ. ಕೂರ್ತೀನಿ ಅಂತ... ಹೇಳಿದ್ದು ನಾನು."

ನಾದಿನಿಯ ಮನೆ ಎರಡನೆಯ ಮಹಡಿಯ ಎರಡು ಕೋಣೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಹಾಸಿಗೆ ಮಾಡುವವರ ಮನೆಯಿಂದ ಹಾಸಿಗೆಯಿಲ್ಲದೆ ಹೊರಟರು ಅತ್ತೆ, ಹತ್ತಿ ಕೂಡದು. ಅವರಿಗೊಂದು ಫೋಮಿನ ಹಾಸಿಗೆ ಕೊಳ್ಳಬೇಕಾಯಿತು. ಮಗ ಬರಲಾರೆನೆಂದ. ಸೊಸೆ ಒಬ್ಬಳೇ ಹೋದಳು.

ದೊಡ್ಡ ಅಂಗಡಿ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಟೈ ಕಟ್ಟಿದ ಹುಡುಗ ಅವಳ ಎದುರು ಬಗ್ಗಿ ನಯವಾಗಿ ಕೇಳಿದ.

"ಯಾರಿಗೆ ಮೇಡಂ?"

"ನಮ್ಮತ್ತೆಗೆ."

"ಹೇಗೆ ಮಲಗ್ತಾರೆ? ಮಗ್ಗುಲಿಗಾ, ಅಂಗಾತಾನಾ? ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಬರುತ್ತೆ."

"ಮಲಗಲ್ಲ. ಕೂತ್ಕೊಂಡೇ ನಿದ್ದೆ ಮಾಡ್ತಾರೆ."

ಇದಕ್ಕೆ ಮುಂದೆ ಏನು ಹೇಳಬೇಕೆಂದು ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಎದ್ದು, ಗಟ್ಟಿಯಾದ ಒಂದನ್ನೂ ಬೆನ್ನಿಗೆ ಇಳಿಜಾರಾದ ಒಂದನ್ನೂ ಒತ್ತಿ ನೋಡಿ ಆರಿಸಿದಳು. ಬೆಲೆ ಕೇಳಿ, ಕೇಳಿದಷ್ಟೂ ಕೊಟ್ಟಳು.

ನಾದಿನಿ ಬಾಗಿಲು ತೆಗೆದವಳೇ ಬೆನ್ನು ತಿರುಗಿಸಿ ಒಳಗೆ ಹೋದಳು. ಅತ್ತೆ ಬೆಳಕಿರುವ ಕಡೆ ಕೂತಿದ್ದರು. ಮೈ ಇಳಿದು ಕುತ್ತಿಗೆಯ ನರಗಳು ಎದ್ದಿದ್ದವು. ಹೊಸ ಹಾಸಿಗೆ ಹಾಸಿ, ಇಳಿಜಾರಿನ ದಿಂಬಿಗೆ ಒರಗಿಸಿದ ಮೇಲೆ ಅವರ ಬೆರಳು ತಾನಾಗಿಯೇ ಅಂಚನ್ನು ಹುಡುಕಿ ಮೂಲೆಯಲ್ಲಿ ನಿಂತಿತು.

"ಎಷ್ಟಾಯ್ತು?"

ಸೊಸೆ ಹೇಳಿದಳು.

"ಚೌಕಾಸಿ ಮಾಡ್ಲಿಲ್ವಾ?"

"ಬಾಯಿ ಬರಲಿಲ್ಲ ಅತ್ತೆ."

"ಅಷ್ಟು ಕೊಟ್ಟು... ಮೂಲೆ ನೋಡು. ದಾರ ಬಿಟ್ಕೊಂಡಿದೆ. ಸೂಜಿ ಇದ್ಯಾ?"

ಸೊಸೆಯ ಚೀಲದಲ್ಲಿ ಸೂಜಿ ಇಲ್ಲದಿರುವ ದಿನವಿಲ್ಲ. ದಾರ ಪೋಣಿಸಿ ಕೊಟ್ಟಳು. ಅತ್ತೆ ಒಂದು ಹೊಲಿಗೆ ಹಾಕಿದರು. ಎರಡನೆಯದಕ್ಕೆ ಸೂಜಿ ಚುಚ್ಚಿದರು; ಎಳೆಯಲು ಆಗಲಿಲ್ಲ. ಉಸಿರು ಹಿಡಿದುಕೊಳ್ಳುತ್ತಾ ಸೂಜಿಯನ್ನು ಅಲ್ಲಿಯೇ ಬಿಟ್ಟರು. ಸೊಸೆ ಅದನ್ನು ಎಳೆದು ಮುಂದಿನ ಹೊಲಿಗೆ ಹಾಕತೊಡಗಿದಳು.

"ಅವರು ಊಟ ಮಾಡ್ತಾರಾ?"

"ಮಾಡ್ತಾರೆ. ಮಾತಾಡಲ್ಲ. ನೀವು ಇಲ್ಲಿಗೆ ಬಂದ ದಿನವೇ ಮಷಿನ್ ಬಿಟ್ಟು ಎದ್ರು. ಆಮೇಲೆ ಅದರ ಹತ್ತಿರ ಸುಳಿದಿಲ್ಲ. ಇನ್ನು ಮುಟ್ಟಲ್ಲ ಅಂದುಬಿಟ್ರು."

"ನನ್ನ ಮಗ?"

"ಗಾಡಿ ಬಿಟ್ಟು ಅವರು ಕೂತ್ರೆ ಮಾಲು ಯಾರು ಮುಟ್ಟಿಸ್ತಾರೆ?"

ಹೊಲಿಗೆ ಮೂಲೆಯವರೆಗೆ ಬಂದಿತ್ತು. ಸೊಸೆ ದಾರವನ್ನು ಬೆರಳಿಗೆ ಸುತ್ತಿ ಗಂಟು ಹಾಕಿದಳು. ಕತ್ತರಿ ಕೇಳಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದಳು.

"ಹಾಗಾದ್ರೆ ಮಷಿನ್ ಮುಂದೆ ಈಗ ಯಾರು ಕೂರ್ತಿರೋದು?"

"ನಾನೇ ಅತ್ತೆ."

ಅತ್ತೆ ಅವಳ ಮುಖ ನೋಡಲಿಲ್ಲ. ಎದೆಯನ್ನು ನೋಡಿದರು, ಅದು ಏರಿ ಇಳಿಯುವುದನ್ನು, ತುಂಬಾ ಹೊತ್ತು.

"ಹತ್ತಿರ ಬಾ," ಎಂದರು. "ಎಲ್ಲಿ, ಒಂದ್ಸಲ ಕೆಮ್ಮು ನೋಡೋಣ."